ತೂಕದ ಚೀಟಿಯ ಬೆನ್ನ ಮೇಲೆ

ಗ್ದಿನಿಯಾ ಬಂದರಿನಲ್ಲಿ, ನೆಲದಿಂದ ನಲವತ್ತು ಮೀಟರು ಮೇಲೆ
ಗಾಜಿನ ಗೂಡೊಂದರಲ್ಲಿ ನನ್ನ ಕೆಲಸ:
ದಡದ ಪೆಟ್ಟಿಗೆ ಎತ್ತು, ಹಡಗಿನ ಹೊಟ್ಟೆಗಿಳಿಸು,
ಹಡಗಿನ ಹೊಟ್ಟೆಯದನ್ನೆತ್ತು, ದಡಕ್ಕಿಳಿಸು.
ಒಳಗೇನಿದೆಯೋ ನನಗೆ ಯಾರೂ ಹೇಳುವುದಿಲ್ಲ,
ನಾನೂ ಕೇಳಿದವಳಲ್ಲ.

ಊಟಕ್ಕೆ ಅರ್ಧ ಗಂಟೆ.
ಇಳಿದು ಹತ್ತುವುದರಲ್ಲೇ ಅದು ಮುಗಿದುಹೋಗುವುದರಿಂದ
ಬ್ರೆಡ್ಡು, ಉಪ್ಪಿನಲ್ಲಿ ನೆನೆದ ಸೌತೆ, ಫ್ಲಾಸ್ಕು ಎಲ್ಲ ಮೇಲೆಯೇ.
ಉಳಿದ ಹದಿನೆಂಟು ನಿಮಿಷಕ್ಕೆ
ಕಳೆದ ಮಾರ್ಚಿನಲ್ಲಿ ನನಗೆ ನಾನೇ ಕಟ್ಟಿಕೊಂಡ ಪಂಥ:
ದಿನಕ್ಕೊಂದು ಕುರ್ಚಿ.
ತೂಕದ ಚೀಟಿಯ ಬೆನ್ನ ಮೇಲೆ, ನೀಲಿ ಪೆನ್ನಿನಲ್ಲಿ.
ಅಳಿಸುವಂತಿಲ್ಲ,
ತಿದ್ದುವಂತಿಲ್ಲ,
ರಜೆಯ ದಿನವೂ ತಪ್ಪಿಸುವಂತಿಲ್ಲ.
ಮುನ್ನೂರ ಅರವತ್ತೈದು.
ಕುರ್ಚಿಯೇ ಯಾಕೆ? ದಿನವಿಡೀ ಕೂತವಳಿಗೆ
ಬೇರೇನು ತಾನೇ ಗೊತ್ತು.

ಮೊದಲ ಹತ್ತು, ನೋಡಿದ ಕುರ್ಚಿಗಳೇ: ಅಡುಗೆಮನೆಯದು, ಶಾಲೆಯದು,
ಹಲ್ಲಿನ ಡಾಕ್ಟರದು.
ಹನ್ನೊಂದರಿಂದ ಕಷ್ಟ ಶುರು.
ನೋಡಿದ್ದು ಮುಗಿದ ಮೇಲೆಯೇ ಅಲ್ಲವೇ
ಕಾಣುವುದು ಶುರುವಾಗುವುದು.
ಒಂದೇ ಬೂಟು ಕಳಚಿ ಯೋಚನೆಗೆ ಬಿದ್ದವನಿಗೆ ಒಂದು.
ಕೊನೆಯ ಟ್ರಾಲಿಬಸ್ಸು ಹೋಯಿತೆಂದು ಗೊತ್ತಿದ್ದೂ ಕಾಯುವವಳಿಗೆ ಒಂದು.
ಸಮುದ್ರಕ್ಕೆ ಬೆನ್ನು ಹಾಕಿ ಕೂರಬೇಕಾದ ಕಸ್ಟಮ್ಸಿನ ಹುಡುಗಿಗೆ ಒಂದು,
ಒರಗುವ ಹಲಗೆಯಲ್ಲಿ ಕಿಟಕಿ ಕೊರೆದು.
ಜಗಳವಾಡಿದ ಇಬ್ಬರಿಗೆ ಜೋಡಿ ಕುರ್ಚಿ, ಬೆನ್ನಿಗೆ ಬೆನ್ನು,
ಕಾಲು ಮಾತ್ರ ಐದೇ:
ಒಬ್ಬರೆದ್ದರೆ ಇನ್ನೊಬ್ಬರು ಬೀಳಬೇಕು.

ಅರವತ್ತೆರಡನೆಯದಕ್ಕೆ ಮೂರೇ ಕಾಲು,
ನಾಲ್ಕನೆಯದಕ್ಕೆ ಮೊದಲೇ ರೇಡಿಯೋ ಕೂಗಿತು.
ಎಂಬತ್ತು, ಎಂಬತ್ತೊಂದು, ಎಂಬತ್ತೆರಡು: ಜ್ವರ.
ಬರೀ ನೆಲದ ಗೆರೆ, ಮೇಲೆ ಏನೂ ಇಲ್ಲ.
ಮೋಸವೇ? ಇರಬಹುದು.
ಮಲಗಿದವಳಿಗೆ ಅಷ್ಟು ಸಾಕು.

ಅಕ್ಕ ಬೊಗ್ನಾ ಬೂಟಿನ ಡಬ್ಬ ತೆರೆದು ನೋಡಿ
"ಇದರಲ್ಲಿ ಒಂದನ್ನಾದರೂ ಯಾರಾದರೂ ಮಾಡುತ್ತಾರಾ?
ದುಡ್ಡು ಬರುತ್ತದಾ?" ಅಂದಳು.
ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು, ನಿಜ.
ಕೂತು ಗೀಚಿದರೆ? ಒಂದು ಪೆನ್ನು
ಐವತ್ತೆಂಟು ಕುರ್ಚಿಗೆ ಬರುತ್ತದೆ.
ಲೆಕ್ಕ ಇಟ್ಟಿದ್ದೇನೆ.

ನೂರೈವತ್ತರ ಹೊತ್ತಿಗೆ, ಸುಳ್ಳೇಕೆ,
ಕುರ್ಚಿಯೆಂದರೆ ಹೇಸಿಗೆ ಬಂತು.
ಮನೆಯಲ್ಲಿ ನಿಂತೇ ಉಂಡೆ.
ಆ ವಾರ ಬರೆದದ್ದೆಲ್ಲ ಒಂದೇ ಸ್ಟೂಲು,
ಏಳು ಸಲ, ಹಲ್ಲು ಕಚ್ಚಿ.
ಈಗ ತಿರುವಿ ಹಾಕಿದರೆ ಏಳೂ ಬೇರೆ ಬೇರೆ ಇವೆ;
ಆರನೆಯದರ ಕಾಲು ಒಂದಿಷ್ಟು ಒಳಕ್ಕೆ ಸರಿದು
ಒಂದಕ್ಕೆ ಅವಸರವಾದ ಹುಡುಗನ ಹಾಗೆ.

ಇನ್ನೂರ ಮೂರನೆಯ ದಿನ ಬಿರುಗಾಳಿ, ಕ್ರೇನು ನಿಲ್ಲಿಸಿದರು.
ಕೆಳಗೆ ಕ್ಯಾಂಟೀನಿನಲ್ಲಿ ಪೆನ್ನು ಬಿಚ್ಚಿ ಕೂತಿದ್ದೆ.
ಹಗ್ಗ ಬಿಗಿಯುವ ಝೆನೋನ್ ಎದುರು ಬಂದು ಕೂತ,
ಕೂತ ಅಂದರೆ, ಓರೆಯಾಗಿ ಜಾರಿದ.
ಬಲಮಂಡಿ ಮಡಚುವುದಿಲ್ಲವಂತೆ, ಎಂಟು ವರ್ಷದಿಂದ.
ಎಂಟು ವರ್ಷವೂ ನಾನವನನ್ನು ಮೇಲಿನಿಂದ ನೋಡಿದವಳು:
ಹಳದಿ ಟೋಪಿ, ಪಕ್ಕಕ್ಕೊಂದು ನೆರಳು.
"ನನಗೂ ಒಂದು ಬರೆದುಕೊಡು."
ಬರೆದೆ. ಹಲಗೆ ಬಲಕ್ಕೆ ಇಳಿಜಾರು,
ಎಡಕ್ಕೆ ಹಿಡಿದೇಳಲು ಒಂದು ಗೂಟ,
ಕಾಲು ಚಾಚಲು ಮುಂದೆ ಅಡ್ಡವೇನಿಲ್ಲ.
ತುಂಬ ಹೊತ್ತು ನೋಡಿ
"ಗೂಟ ಇನ್ನೆರಡು ಬೆರಳು ಮೇಲೆ" ಅಂದ.
ತಿದ್ದುವಂತಿಲ್ಲ ಅನ್ನಲು ಬಾಯಿ ತೆರೆದೆ.
ತಿದ್ದಿದೆ.
ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದ.

ಬಡಗಿಗೆ ತೋರಿಸಿದನೋ, ಪ್ಯಾಂಟಿನ ಜೊತೆ ಒಗೆದನೋ, ಗೊತ್ತಿಲ್ಲ.
ಡಬ್ಬದಲ್ಲಿ ಇನ್ನೂರ ಎರಡಾದ ಮೇಲೆ ಇನ್ನೂರ ನಾಲ್ಕು.
ಬೊಗ್ನಾ ಎಣಿಸಿ "ಒಂದು ತಪ್ಪಿದೆ" ಅಂದಳು.
"ಹೌದು" ಅಂದೆ.

ಇವತ್ತು ಇನ್ನೂರ ಹನ್ನೊಂದು.
ಗಾಳಿ ಇಳಿದಿದೆ. ಟೀ ಬಿಸಿ ಇದೆ, ಹದಿನೇಳು ನಿಮಿಷ ಇದೆ.
ಕೆಳಗೆ ಹಳದಿ ಟೋಪಿಯೊಂದು ಕುಂಟುತ್ತ ಬಂದು
ಹಡಗು ಕಟ್ಟುವ ಕಬ್ಬಿಣದ ಮೋಟಿಗೆ ಓರೆಯಾಗಿ ಒರಗಿತು.
ಗೂಟ ಮೂರು ಬೆರಳು ಮೇಲಿರಬೇಕಿತ್ತು.
ಹನ್ನೆರಡು ಟನ್ನಿನ ಚೀಟಿಯೊಂದನ್ನು ಮಗುಚಿ ಹಾಕಿ
ನೆಲದ ಗೆರೆ ಎಳೆಯುತ್ತೇನೆ.