ಚಿಲ್ಲರೆ

ಹಿಂಡಲಗಾ ಜೈಲಿನ ನೇಯ್ಗಿ ಶೆಡ್ಡಿನ ಬಾಜೂಕ
ಹನ್ನೆರಡು ವಾರ, ಮಂಗಳವಾರಕ್ಕೊಮ್ಮೆ,
ಸಿಟ್ಟಿನ ಸಾಲಿ.
ತಾರಾಮತಿ ಮೇಡಂ ಚಾಮರಾಜನಗರ ಕಡೆಯವರು,
ಟಿಳಕವಾಡಿಯಾಗ ಬಾಡಿಗಿ ಮನಿ.
ಗೇಟಿನಾಗ ಮೊಬೈಲ್ ಕೊಟ್ಟು, ಛತ್ರಿ ಕೊಟ್ಟು
ಫಾರ್ಮಿನ ಕಟ್ಟು ಅಷ್ಟ ಹಿಡಕೊಂಡು ಒಳಗ ಬರತಿದ್ರು.

ಓದು ಬಲ್ಲವ ನಾನು. ಹನ್ನೊಂದು ವರ್ಷ
ಖಾನಾಪುರ ರೂಟಿನ ಕಂಡಕ್ಟರ್.
ಹಿಂಗಾಗಿ ಇಪ್ಪತ್ತು ಮಂದಿ ಫಾರ್ಮು ನನ್ನ ಪಾಲಿಗೆ.
‘ನಿಮ್ಮ ಸಿಟ್ಟು ಎಷ್ಟು? ಒಂದರಿಂದ ಹತ್ತರೊಳಗೆ.’
ಮೊದಲನೇ ವಾರ ಎಲ್ಲಾರೂ ಎಂಟು, ಒಂಬತ್ತು.
ಗೌಸುಸಾಬ ಹನ್ನೊಂದು ಬರಿ ಅಂದ.
ಹತ್ತಕ್ಕ ರೂಟು ಮುಗೀತೈತಿ ಮಾವಾ, ಅಂದೆ.

ಚೌಗುಲೆ ಎದ್ದು ನಿಂತು
‘ಮಲಾ ಫಾರ ರಾಗ ಯೇತೋ ಮೇಡಂ’ ಅಂದ.
ಮೇಡಂ ಕಣ್ಣರಳಿಸಿ, ‘ಹಾಡ್ತೀರಾ?’
ಇಡೀ ಶೆಡ್ಡು ನಕ್ಕಿತು.
ಅವನೂ ನಕ್ಕ. ಐದು ವರ್ಷದಾಗ
ಅವನ ಹಲ್ಲು ಕಂಡದ್ದು ಅವತ್ತ.
ಆಮ್ಯಾಲ ಬ್ಯಾರಕಿನಾಗ ಯಾರರ ಮುಷ್ಟಿ ಕಟ್ಟಿದ್ರ
ಮೂಲ್ಯಾಗಿಂದ ಒಬ್ಬವ ಕೇಳತಿದ್ದ: ಇದು ಯಾವ ರಾಗಪಾ?
ಕೆಲವೊಮ್ಮೆ ಮುಷ್ಟಿ ಬಿಚ್ಚತಿತ್ತು.
ಒಮ್ಮೆ ಕೇಳಿದವನ ಮಾರಿ ಮ್ಯಾಲ ತಾಟು ಹಾರಿತು.

ಉಸಿರು ಎಣಸೋದು ಕಲಿಸಿದ್ರು.
ನಾಕು ಒಳಗ, ಆರು ಹೊರಗ.
ತಲಿ ಎಣಸೋದು ನನಗ ರೂಢಿ;
ಹತ್ತಿದವ ಯಾರು, ಇಳದವ ಯಾರು.
ಉಸಿರಿಗೆ ಟಿಕೆಟ್ ಹರದದ್ದು ಇಲ್ಲಿಮಟ ಇಲ್ಲ.

ಹನ್ನೆರಡನೇ ವಾರ ಅದ ಫಾರ್ಮು, ಅದ ಪ್ರಶ್ನೆ.
ಎಲ್ಲಾರೂ ಎರಡು, ಮೂರು.
ರಿಪೋರ್ಟು ಚಲೋ ಬಂದ್ರ ಪರೋಲಿಗೆ ಅನುಕೂಲ,
ಇದನ್ನ ಯಾರಿಗೆ ಯಾರು ಹೇಳಿಕೊಡಬೇಕು?
ನನಗ ಗೊತ್ತು ಈ ಲೆಕ್ಕ.
ಚೆಕಿಂಗ್ ಸ್ಕ್ವಾಡ್ ಹತ್ತಿದಾಗ
ಹಿಂದಿನ ಸೀಟಿನ ಕೆಳಗ ಅವಚಿಕೊಂಡವ
ಯಾವ ವೇ ಬಿಲ್ಲಿನಾಗೂ ಇರಂಗಿಲ್ಲ.

ಕರೆಪ್ಪ ಒಬ್ಬವ ‘ಒಂಬತ್ತ ಬರಿ’ ಅಂದ.
ಹನ್ನೆರಡು ವಾರ ಕುಂತು ಒಂಬತ್ತ ಏನೋ?
‘ಸಿಟ್ಟು ಅಷ್ಟ ಐತಿ.
ಮೊದಲ ಕೆಸರುಗಾಲಿಲೆ ಸೀದಾ ಒಳಗ ನುಗ್ಗತಿತ್ತು.
ಈಗ ಹೊಸ್ತಿಲ ಮುಂದ ನಿಂತು ಚಪ್ಪಲಿ ಬಿಡತೈತಿ.
ಅಷ್ಟರಾಗ ಬಾಗಲಾ ಹಾಕಬಹುದು.
ಯಾವಾಗಲೂ ಅಲ್ಲ.’
ಇದಕ್ಕ ಫಾರ್ಮಿನಾಗ ಖಾನೆ ಇರಲಿಲ್ಲ.

ಮುಂದಿನ ವಾರ ನೀರಿನ ಪಾಳಿ.
ಹೊಸಾ ಹುಡುಗ ಕರೆಪ್ಪನ ಬಕೀಟಿಗೆ ಕಾಲಿಟ್ಟ,
ಬೇಕಂತಲೇ ಇಟ್ಟ, ನಾ ನೋಡೀನಿ.
ಕರೆಪ್ಪ ಬಕೀಟು ಎತ್ತಿದ. ತುಟಿ ಅಲ್ಲಾಡತಿದ್ವು.
ನಾಕು. ಒಂದು, ಎರಡು, ಮೂರು...
ಆರು ಮುಟ್ಟಲಿಲ್ಲ;
ಅಂಗಿ ಸಮೇತ ತನ್ನ ತಲಿ ಮ್ಯಾಲನ ಸುರಕೊಂಡ.
ಜನವರಿ ಥಂಡಿ. ಹಲ್ಲು ಕಟಕಟ.
ವಾರ್ಡರ್ ನೋಡಿದ, ಏನೂ ಬರಕೊಳ್ಳಲಿಲ್ಲ.
ಆಗದ ಹೊಡೆದಾಟಕ್ಕ ರಜಿಸ್ಟರ್ ಎಲ್ಲೈತಿ?

ಎರಡು ಅಂತ ಬರಸಿದ್ದ ಗೌಸುಸಾಬ
ಅದ ವಾರ ಒಬ್ಬನ ಕಿವಿ ಕಡದು ಒಂಟಿ ಕೋಣಿಗೆ ಹೋದ.
ಅದನ್ನಂತೂ ಬರಕೊಂಡ್ರು.

ನನ್ನ ಫಾರ್ಮು ಕಡೀಕ ಉಳಿದಿತ್ತು.
‘ಈ ತರಗತಿಯಿಂದ ಕಲಿತದ್ದೇನು?’ ಕೆಳಗ ನಾಕು ಗೆರಿ.

ಪಿರನವಾಡಿ ಸ್ಟಾಪು, ಅಂತ ಬರದೆ.
ಅವ ಎರಡು ರೂಪಾಯಿ ಚಿಲ್ಲರೆ ಕೇಳಿದ.
ಇಲ್ಲ ಅಂದೆ. ಮತ್ತ ಕೇಳಿದ.
ಮೂರನೇ ಸಲ ನಮ್ಮಪ್ಪನ ಹೆಸರು ಹಿಡದ.
ಟಿಕೆಟ್ ಮಷೀನು ಬೀಸಿದೆ.
ಫುಟ್‌ಬೋರ್ಡಿನಿಂದ ಹಿಂಬರಕಿ ಬಿದ್ದ, ಏಳಲಿಲ್ಲ.
ಗೆರಿ ಮುಗದು ಹೋಗಿದ್ವು. ಅಂಚಿನಾಗ ಸಣ್ಣಗ ಬರದೆ:
ಚೀಲದಾಗ ಚಿಲ್ಲರೆ ಇತ್ತು.
ಕೋರ್ಟಿನಾಗ ಇದನ್ನ ಯಾರೂ ಕೇಳಲಿಲ್ಲ.

ಮೇಡಂ ಓದಿದ್ರು. ಮತ್ತೊಮ್ಮೆ ಓದಿದ್ರು.
ಹೊರಗ ಮಗ್ಗದ ಸಪ್ಪಳ.
‘ನಂಬರ್ ಹಾಕಿಲ್ಲವಲ್ಲ ನೀವು’ ಅಂದ್ರು, ಮೆಲ್ಲಕ.

ಎಣಸಾಕತ್ತೀನ್ರಿ, ಅಂದೆ.