ಮೂಳೆಯ ಜಾಗ

ಕೊಬ್ಬಿನ ಚಟಪಟ ಇಲ್ಲ, ಬರೀ ಗಾಳಿಯ ಗುಂಯ್.
ಲವೋನ್‌ಗೆ ಇನ್ನೂ ನಂಬಿಕೆ ಬಂದಿಲ್ಲ.
ಚರ್ಚಿನ ಹಳೆಸಾಮಾನು ಮಾರಾಟದಲ್ಲಿ
ಎಂಟು ಡಾಲರಿಗೆ ಸಿಕ್ಕ ಏರ್ ಫ್ರೈಯರ್;
ಹಿಡಿಯ ಮೇಲೆ ಯಾರದೋ ಉಗುರಿನ ಗೀರು.

ಪ್ಯಾಪ್ರಿಕಾ, ಬೆಳ್ಳುಳ್ಳಿ ಪುಡಿ, ಚಿಟಿಕೆ ಕಂದು ಸಕ್ಕರೆ
ಹಂದಿಮಾಂಸದ ತುಂಡಿಗೆ ಸವರುವಾಗ
ಹೆಬ್ಬೆರಳು ತಾನಾಗಿ ಅಂಚಿಗೆ ಜಾರಿ ತಡವುತ್ತದೆ:
ಇಲ್ಲಿತ್ತು ಮೂಳೆ.

ಇಪ್ಪತ್ತಾರು ವರ್ಷ, ಅಯೋವಾದ ಆ ಚಳಿ ಶೆಡ್ಡಿನಲ್ಲಿ
ನಿಮಿಷಕ್ಕೆ ಆರು ಬಿಡಿಸುತ್ತಿದ್ದಳು.
ಈಗ ಮಣಿಕಟ್ಟು ಬಾಟಲಿಯ ಮುಚ್ಚಳಕ್ಕೂ ಒಪ್ಪದು.
ಯಾರು ಬಿಡಿಸಿದರೋ ಇದನ್ನು,
ಕೊನೆಯಲ್ಲಿ ಕತ್ತಿ ಒಂಚೂರು ತಡವರಿಸಿದೆ.
ಹೊಸಬ. ಎಡಚನಿರಬೇಕು.

ಹನ್ನೆರಡು ನಿಮಿಷ. ಟಿಂಗ್.
ಕೊಯ್ದರೆ ರಸ, ಒಳಗೆ ತಿಳಿಗುಲಾಬಿ.
ಮೊದಲ ತುತ್ತು ಊದಿಕೊಂಡು
"ಕತ್ತಿ ಮಸೆಯೋ ಹುಡುಗಾ"
ಅಂತಾಳೆ, ತಟ್ಟೆಗೆ.