ಹುಳುಮನೆ

ಬಾಡಿಗೆಗೆ ಕೊಟ್ಟಿದ್ದು ಹುಳುಮನೆ.
ಚಂದ್ರಿಕೆಗಳನ್ನು ಅಟ್ಟಕ್ಕೇರಿಸಿ, ಸುಣ್ಣ ಬಳಿದು,
ಬ್ಲೀಚಿಂಗ್ ಪುಡಿಯ ವಾಸನೆ ಹೋಗಲೆಂದು
ಎರಡು ದಿನ ಕಿಟಕಿ ತೆರೆದಿಟ್ಟು ಕೀಲಿ ಕೊಟ್ಟೆ.
ಏನು ಮಾಡ್ತೀಯಮ್ಮ ಇಲ್ಲಿ?
"ವೈನು" ಅಂದಳು ಪ್ರಫುಲ್ಲ, ಕಷಾಯ ಅಂದಹಾಗೆ.
ಮೇಲೂರಿಗೆಲ್ಲ ಸಂಜೆಯೊಳಗೆ ಗೊತ್ತಾಯ್ತು.

ಅವಳಿಗೆ ಬೇಕಾದ್ದು ನಮ್ಮತ್ತೆ ನೆಟ್ಟ ಬಳ್ಳಿ.
ಕಲ್ಲುಕಂಬಕ್ಕೆ ಒರಗಿ ಒರಗಿ ಕಂಬವೇ ಆದದ್ದು,
ಬುಡ ನನ್ನ ತೋಳಿಗಿಂತ ದಪ್ಪ,
ಗೊನೆ ಮಾತ್ರ ಹಿಡಿಯಷ್ಟು.
ಬೀಜ ಇದೆ, ಸಿಪ್ಪೆ ದಪ್ಪ, ಹುಳಿ ಬೇರೆ ಅಂತ
ಮಂಡಿಯವರು ಮುಖ ಸಿಂಡರಿಸುವ ಹಣ್ಣು.
ಪಕ್ಕದ ತೋಟದವರೆಲ್ಲ ಕಿತ್ತು ದಿಲ್‌ಖುಷ್ ಹಾಕಿದರು.
ನಾನು ಕೀಳಲಿಲ್ಲ, ಪ್ರೀತಿಗಲ್ಲ,
ಜೆಸಿಬಿಯವನು ಗಂಟೆಗೆ ಕೇಳಿದ ದುಡ್ಡಿಗೆ.

ಸ್ಪೇನಿನಲ್ಲಿ ಒಂದು ಸುಗ್ಗಿ ಕೂಲಿ ಮಾಡಿ ಬಂದವಳಂತೆ.
ಅಲ್ಲಿ ಇಂಥ ಮುದಿಬಳ್ಳಿಯ ಮುಂದೆ
ಜನ ಟೋಪಿ ತೆಗೀತಾರೆ ಅಂದಳು.
ನಾನು ತಲೆಯ ಮೇಲಿನ ಸೆರಗು ತೆಗೆಯಲಿಲ್ಲ;
ಬಿಸಿಲಿತ್ತು.

ಶಿವರಾತ್ರಿ ಕಳೆದ ವಾರ, ನಸುಕಿಗೇ ಕತ್ತರಿ ಹಿಡಿದು ಬಂದಳು.
ಒಂದು ಹಣ್ಣು ಬಾಯಿಗೆ ಹಾಕಿ, ತಿರುಳು ಉಗುಳಿ,
ಬೀಜ ಕಚ್ಚಿದಳು. ಕಟ್ ಅಂದಿತು.
"ಹಣ್ಣಾಗಿದೆ."
ಆ ಮಾತು ನಾನು ಹುಳುವಿಗೆ ಅನ್ನುತ್ತಿದ್ದದ್ದು:
ಬೆಳಕಿಗೆ ಹಿಡಿದರೆ ಮೈ ಹೊಳೆದು,
ಸೊಪ್ಪು ಬಿಟ್ಟು, ತಲೆಯೆತ್ತಿ ಆಚೀಚೆ ತಡಕಾಡಿದರೆ
ಹುಳು ಹಣ್ಣಾಯ್ತು, ಚಂದ್ರಿಕೆಗೆ ಹಾಕು.

ಮೂರು ಡ್ರಮ್ಮು. ಅಷ್ಟೇ.
ತೇಲುವ ಸಿಪ್ಪೆಯನ್ನು ಕೋಲಿನಿಂದ ಒಳಗದ್ದುತ್ತಾಳೆ,
ರಾತ್ರಿ ಎರಡು ಗಂಟೆಗೂ. ಮೊಣಕೈವರೆಗೆ ನೇರಳೆ.
ಡೈರಿಯ ಸಾಲಿನಲ್ಲಿ ಹೆಂಗಸರು ಆ ಕೈ ನೋಡಿ
ಅರ್ಧ ಗೇಣು ಸರಿದು ನಿಲ್ಲುತ್ತಾರೆ,
ಆಮೇಲೆ ಮೆಲ್ಲಗೆ ನನ್ನ ಕಿವಿಗೆ: ಬಾಟಲಿಗೆ ಎಷ್ಟಂತೆ?

ನಾಲ್ಕನೇ ರಾತ್ರಿ ಬಂದು ಬಾಗಿಲು ಬಡಿದಳು.
ಟಾರ್ಚ್ ಹಿಡಿದು ಹೋದೆ. "ಕಿವಿ ಇಡಿ" ಅಂದಳು.
ಇಟ್ಟೆ.
ನೀಲಿ ಪ್ಲಾಸ್ಟಿಕ್ಕಿನ ಹೊಟ್ಟೆಯೊಳಗೆ
ಸೊರಸೊರ, ಸೊರಸೊರ,
ನಾಲ್ಕನೇ ಜ್ವರ ಎದ್ದ ಹುಳುಗಳು ಸೊಪ್ಪಿಗೆ ಬಿದ್ದ ಸದ್ದು.
ಮೂವತ್ತು ವರ್ಷ ಈ ಗೋಡೆಗಳು ಕೇಳಿದ್ದು ಇದನ್ನೇ.

ಒಳಗೇನಿದೆ?
"ಜೀವ. ಸಕ್ಕರೆ ತಿಂತಾವೆ. ತಿಂದು ತಿಂದು
ತಾವೇ ಮಾಡಿದ್ದರಲ್ಲಿ ಕೊನೆಗೆ ಮುಳುಗಿ ಸಾಯ್ತಾವೆ."
ನಾನು ಏನೂ ಹೇಳಲಿಲ್ಲ.
ಗೂಡನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಸುರಿದು
ದುಡ್ಡು ಎಣಿಸಿ ಬಸ್ಸು ಹತ್ತಿದವಳು;
ಕುದಿನೀರಿನ ಕಡೆ ತಿರುಗಿ ನೋಡಿದವಳಲ್ಲ.

ಹನ್ನೆರಡನೇ ರಾತ್ರಿ ಸದ್ದು ನಿಂತಿತು.
ಒಂದು ಡ್ರಮ್ಮು ಕೆಟ್ಟು ಹುಳಿಯಾಯ್ತು,
ಅದರಲ್ಲಿ ನಾಲ್ಕು ಚೆಂಬು ಉಪ್ಪಿನಕಾಯಿಗೆ ನಾನೇ ತಂದೆ.
ಉಳಿದದ್ದು ಇನ್ನೂರು ಚಿಲ್ಲರೆ ಬಾಟಲಿ ಆಗಬಹುದಂತೆ,
ಅದೂ ಮುಂದಿನ ವರ್ಷ.
ಬಾಡಿಗೆ ತಡವಾಗುತ್ತೆ ಅಂದಳು.
ಆಗಲಿ ಅಂದೆ.
ಅಟ್ಟ ಹತ್ತಿ ಒಂದು ಚಂದ್ರಿಕೆ ಇಳಿಸಿ, ಧೂಳು ಕೊಡವಿ ಕೊಟ್ಟೆ:
ತೊಳೆದ ಬಾಟಲಿ ಬೋರಲು ಹಾಕೋಕಾದರೂ ಆಗತ್ತೆ.